ದುಡ್ಡು ಬರದ ತಿಂಗಳು

ನಮ್ಮ ವಠಾರದ ಹಿಂದಿನ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಹುಡುಗಿ ಅಂದರೆ ನನಗೆ ಹುಡುಗಿ, ಎರಡು ಮಕ್ಕಳ ತಾಯಿ. ಗಂಡ ತೀರಿಕೊಂಡು ಮೂರು ವರ್ಷವಾಯಿತು. ಮೊನ್ನೆ ಸಂಜೆ ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಬಂದು ಪಕ್ಕದಲ್ಲಿ ಕೂತಳು. ಮಾತಿಲ್ಲದೆ ತಾನೂ ಒಂದು ಬೊಗಸೆ ಕಾಯಿ ಮಡಿಲಿಗೆ ಹಾಕಿಕೊಂಡು ಸುಲಿಯತೊಡಗಿದಳು. ಅರ್ಧ ಬುಟ್ಟಿ ಮುಗಿದ ಮೇಲೆ ಬಾಯಿ ಬಿಟ್ಟಳು: "ಅಜ್ಜಿ, ನಾಲ್ಕು ತಿಂಗಳಿಂದ ಗೃಹಲಕ್ಷ್ಮಿ ಬಂದಿಲ್ಲ."

ಮನೆಯ ಯಜಮಾನಿಗೆ ಅಂತ ಸರ್ಕಾರ ತಿಂಗಳಿಗೆ ಕೊಡುವ ಆ 2000 ರೂಪಾಯಿ ಕೆಲವರಿಗೆ ಒಂದು ಸಂಜೆಯ ಹೋಟೆಲ್ ಬಿಲ್ಲು. ಅವಳಿಗೆ ಅರ್ಧ ತಿಂಗಳ ಬಾಡಿಗೆ.

ನಾನು 29ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಆಗ ವಿಧವಾ ವೇತನ ಮನಿ ಆರ್ಡರ್‌ನಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ಐದು ತಿಂಗಳು ನಿಂತೇ ಹೋಯಿತು. ಕಚೇರಿಗೆ ಹೋಗಿ ಕೇಳಿದರೆ ಅವರ ಪುಸ್ತಕದಲ್ಲಿ ನಾನು ಊರು ಬಿಟ್ಟು ಹೋಗಿದ್ದೆ. ಅವರ ಎದುರಿಗೇ ನಿಂತಿದ್ದೇನೆ! ಆವತ್ತೇ ಒಂದು ತೀರ್ಮಾನ ಮಾಡಿದೆ. ಸರ್ಕಾರದ ದುಡ್ಡು ಬಂದಾಗ ಕೈಮುಗಿದು ತಗೋಬೇಕು, ಆದರೆ ಬಾಡಿಗೆ, ಚೀಟಿ, ಸಾಲದ ಕಂತು ಇವು ಯಾವುದನ್ನೂ ಅದರ ಮೇಲೆ ನಿಲ್ಲಿಸಬಾರದು. ದುಡಿದ ದುಡ್ಡಿನಿಂದ ಬಾಡಿಗೆ, ಬಂದ ದುಡ್ಡಿನಿಂದ ಮುಂದಿನ ತಿಂಗಳ ಗ್ಯಾಸು, ಮಕ್ಕಳ ಚಪ್ಪಲಿ, ಔಷಧಿ. ಹಾಗೆ ಇಟ್ಟುಕೊಂಡರೆ ಅದು ತಪ್ಪಿದ ತಿಂಗಳು ಕಷ್ಟ ಆಗುತ್ತದೆ ಹೊರತು ಮನೆ ಖಾಲಿ ಮಾಡುವ ಗತಿ ಬರುವುದಿಲ್ಲ.

ಅವಳನ್ನು ಮೊದಲು ಕೇಳಿದ್ದು, "ನಿಂತಿದ್ದು ಯಾಕೆ ಅಂತ ನೋಡಿದೆಯಾ?" ಇಲ್ಲ. ಎಲ್ಲರಿಗೂ ಬಂದಿಲ್ಲವಂತೆ ಅಂತ ಅಕ್ಕಪಕ್ಕದವರು ಹೇಳಿದ್ದನ್ನು ನಂಬಿದ್ದಾಳೆ. ಎಲ್ಲರಿಗೂ ತಡವಾಗುವುದೂ ಉಂಟು, ಆಮೇಲೆ ಎರಡು ಕಂತು ಒಟ್ಟಿಗೆ ಬೀಳುವುದೂ ಉಂಟು. ಆದರೆ ಪಕ್ಕದ ಮನೆಯವಳಿಗೆ ಬಂದು ನಿಮಗೆ ಬಂದಿಲ್ಲ ಅಂದರೆ ಅದು ಬೇರೆ ರೋಗ. ಸರ್ಕಾರದ ದುಡ್ಡು ಯಾವ ಖಾತೆಗೆ ಹೋಯಿತು ಅಂತ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ಅನ್ನು ಅವಳ ಫೋನಿನಲ್ಲಿ ಹಾಕಿಸಿ ನೋಡಿದೆವು. ದುಡ್ಡು ಹೋಗಿದೆ! ಎಲ್ಲಿಗೆ? ಆರು ತಿಂಗಳ ಹಿಂದೆ ಸಂಘದ ಸಾಲಕ್ಕೆ ಅಂತ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಸಿದ್ದರಲ್ಲ, ಅಲ್ಲಿ ಹೆಬ್ಬೆಟ್ಟು ಒತ್ತಿದಾಗ ಆಧಾರ್ ಆ ಖಾತೆಗೆ ಹೊಂದಿಕೊಂಡಿದೆ. ಸರ್ಕಾರದ ದುಡ್ಡು ಪಾಸ್‌ಬುಕ್ ನಂಬರ್ ನೋಡಿ ಬರುವುದಿಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಇವಳು ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸಿ ಮಾಡಿಸಿ ಕಣ್ಣೀರು ಹಾಕುತ್ತಿದ್ದಳು. ದುಡ್ಡು ಆ ಖಾತೆಯಲ್ಲಿ ಸುಮ್ನೆ ಕೂತಿತ್ತು. ಅದರಲ್ಲಿ ಒಂದು ತಿಂಗಳದ್ದನ್ನು ಸಾಲದ ಕಂತಿಗೆ ಕತ್ತರಿಸಿಕೊಂಡೂ ಆಗಿತ್ತು. ಆದ್ದರಿಂದ ಹೊಸ ಖಾತೆ ತೆರೆಯುವಾಗ "ಸರ್ಕಾರದ ಹಣ ಈ ಖಾತೆಗೇ ಬರಲಿ" ಅನ್ನುವ ಕಾಲಂಗೆ ಟಿಕ್ ಹಾಕಿಸಬೇಡಿ. ಬ್ಯಾಂಕಿನವರು ಅವಸರದಲ್ಲಿ ಹಾಕಿಬಿಡುತ್ತಾರೆ, ನೀವೇ ಕೇಳಬೇಕು.

ಆ್ಯಪ್‌ನಲ್ಲಿ ದುಡ್ಡೇ ಹೋಗಿಲ್ಲ ಅಂತ ಬಂದರೆ ಅಂಗನವಾಡಿ ಟೀಚರ್ ಹತ್ತಿರ ಕೇಳಿ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಕಚೇರಿಯಲ್ಲಿ ಯಾಕೆ ನಿಂತಿದೆ ಅಂತ ನೋಡಿ ಹೇಳುತ್ತಾರೆ. ತೆರಿಗೆ ಕಟ್ಟುವವರ ಪಟ್ಟಿಯಲ್ಲಿ ಹೆಸರು ತಪ್ಪಿ ಸೇರಿದ್ದು, ಆಧಾರ್‌ನಲ್ಲೂ ರೇಷನ್ ಕಾರ್ಡಿನಲ್ಲೂ ಹೆಸರು ಬೇರೆ ಬೇರೆ ಇದ್ದಿದ್ದು, ಇಂಥವೇ ಇರುತ್ತವೆ. ಗಂಡ ಬಿಟ್ಟು ಹೋದವರಿಗೆ ಇನ್ನೊಂದು ಗೋಳು. ಕಾರ್ಡಿನಲ್ಲಿ ಯಜಮಾನಿ ಅಂತ ಅತ್ತೆಯ ಹೆಸರಿರುತ್ತದೆ, ದುಡ್ಡು ಅವರಿಗೆ ಹೋಗುತ್ತದೆ. ಬೇರೆ ಕಾರ್ಡು ಆಗಬೇಕು. ಹೊಸ ಕಾರ್ಡಿನ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ, ತೆರೆದ ದಿನ ಜನ ಜಾತ್ರೆ. ಆದಾಯ ಪ್ರಮಾಣ ಪತ್ರ ಮೊದಲೇ ನಾಡಕಚೇರಿಯಲ್ಲಿ ಮಾಡಿಸಿ ಇಟ್ಟುಕೊಳ್ಳಿ.

ಬಿಪಿಎಲ್ ಕಾರ್ಡು ಎಪಿಎಲ್ ಆಗಿಬಿಟ್ಟರೆ? 2024ರ ಕೊನೆಯಲ್ಲಿ ಹೀಗೆ ತುಂಬಾ ಜನರದ್ದು ಆಯಿತು, ಗಲಾಟೆಯಾದ ಮೇಲೆ ಅರ್ಹರ ಕಾರ್ಡು ವಾಪಸ್ ಕೊಟ್ಟರು. ಆದರೂ ಸುಮ್ಮನೆ ಕೂರಬೇಡಿ. ವರ್ಷದ ಆದಾಯ 1,20,000ಕ್ಕಿಂತ ಕಡಿಮೆ ಇದ್ದರೆ ತಾಲೂಕು ಕಚೇರಿಯ ಆಹಾರ ಶಾಖೆಗೆ ಬರೆದುಕೊಡಿ, ಸ್ವೀಕೃತಿ ಇಲ್ಲದೆ ಬರಬೇಡಿ. ಬೆರಳಚ್ಚು ಕೊಟ್ಟು ಗುರುತು ಖಚಿತ ಮಾಡಿಸುವ ಇ-ಕೆವೈಸಿ ಮನೆಯ ಎಲ್ಲರದ್ದೂ ಆಗಬೇಕು, ಮಕ್ಕಳದ್ದೂ. ಮಕ್ಕಳಿಗೆ ಐದು ವರ್ಷ ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಇನ್ನೊಮ್ಮೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದು ಕೊಡಬೇಕು. ಅದು ಆಗದೇ ನ್ಯಾಯಬೆಲೆ ಅಂಗಡಿಯ ಮಿಷನ್ "ಮ್ಯಾಚ್ ಆಗಲ್ಲ" ಅನ್ನುತ್ತದೆ.

ಕೆಲವು ಸಲ ತಪ್ಪು ಯಾರದ್ದೂ ಅಲ್ಲ, ಯೋಜನೆಯೇ ಬದಲಾಗುತ್ತದೆ. 2023ರ ಜುಲೈನಿಂದ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬರುತ್ತಿತ್ತಲ್ಲ, 2025ರ ಫೆಬ್ರವರಿಯಲ್ಲಿ ಅದು ನಿಂತು ಅಕ್ಕಿಯೇ ಬಂತು. ಮೂರು ಜನರ ಮನೆಗೆ 510 ರೂಪಾಯಿ ಕೈಯಿಂದ ಹೋಯಿತು. ಅಕ್ಕಿ ಬಂತು, ನಿಜ. ಅಕ್ಕಿ ಕೊಟ್ಟರೆ ಸಿಲಿಂಡರ್ ಕೊಡುತ್ತಾರಾ? ಹಾಗಂತ ರೇಷನ್ ಅಕ್ಕಿ ಮಾರಲು ಹೋಗಬೇಡಿ. ಗಾಡಿ ತಂದು ಕೊಳ್ಳುವವರು ಬಂದೇ ಬರುತ್ತಾರೆ. ಸಿಕ್ಕಿಬಿದ್ದರೆ ಕಾರ್ಡು ಹೋಗುತ್ತದೆ, ಕಾರ್ಡಿನ ಜೊತೆ ಆಸ್ಪತ್ರೆಯ ಸವಲತ್ತೂ ಹೋಗುತ್ತದೆ. ಅಕ್ಕಿ ಜಾಸ್ತಿ ಇದ್ದರೆ ತೊಳೆದು ಒಣಗಿಸಿ ಹಿಟ್ಟು ಮಾಡಿಸಿ. ರೊಟ್ಟಿ, ಶಾವಿಗೆ, ಬೇಸಿಗೆಯಲ್ಲಿ ಸಂಡಿಗೆ. ಅಂಗಡಿಯ ಬ್ರೆಡ್ಡು, ಬನ್ನಿನ ಖರ್ಚು ಅಷ್ಟು ಉಳಿಯುತ್ತದೆ.

ಇನ್ನು, ಇರುವುದನ್ನು ಕಡಿಮೆ ಮಾಡುವುದಕ್ಕೆ ಮೊದಲು ಬರಬೇಕಾದದ್ದು ಇನ್ನೇನಾದರೂ ಇದೆಯಾ ನೋಡಿ. ಇದನ್ನು ಯಾರೂ ಮನೆಗೆ ಬಂದು ಹೇಳುವುದಿಲ್ಲ. ವಿಧವಾ ವೇತನ 800 ರೂಪಾಯಿ, ಗೃಹಲಕ್ಷ್ಮಿ ಇದ್ದರೂ ಅದು ಸಿಗುತ್ತದೆ. ಮದುವೆಯಾಗದವರಿಗೆ, ವಿಚ್ಛೇದನ ಆದವರಿಗೆ ನಲವತ್ತು ದಾಟಿದ್ದರೆ ಮನಸ್ವಿನಿ ಇದೆ. ದೊಡ್ಡದು ಇನ್ನೊಂದು, ಅದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಅಂತ. ಗಂಡ ತೀರಿಕೊಂಡ, ವಿಚ್ಛೇದನವಾದ, ಗಂಡ ಬಿಟ್ಟುಹೋದ ತಾಯಿಯ ಮಗುವಿಗೆ ತಿಂಗಳಿಗೆ 4000 ರೂಪಾಯಿ. ಮನೆಯ ಆದಾಯ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ದಾಟಿರಬಾರದು. ಮಗು ಶಾಲೆಗೆ ಹೋಗುತ್ತಿರಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ. ಹಾಕಿದವರಿಗೆಲ್ಲ ಸಿಗುತ್ತದೆ ಅಂತಲ್ಲ, ಬೇಗ ಸಿಗುತ್ತದೆ ಅಂತಲೂ ಅಲ್ಲ. ಆದರೆ ಹಾಕದವರಿಗೆ ಹೇಗೆ ಸಿಗುತ್ತದೆ?

ಮತ್ತೆ, ತೀರಿಕೊಂಡವರ ಹಳೇ ಪಾಸ್‌ಬುಕ್ ಬಿಸಾಕಬೇಡಿ. ಕೂತು ಒಂದೊಂದೇ ಸಾಲು ನೋಡಿ. ಮೇ ತಿಂಗಳ ಕೊನೆಗೋ ಜೂನ್‌ಗೋ 436 ರೂಪಾಯಿ ಕಡಿತ ಆಗಿದ್ದರೆ ಅದು ಜೀವನ ಜ್ಯೋತಿ ವಿಮೆ, ಎರಡು ಲಕ್ಷದ್ದು. 20 ರೂಪಾಯಿ ಆಗಿದ್ದರೆ ಅಪಘಾತ ವಿಮೆ. ತಡವಾಗಿದ್ದರೂ ಬ್ಯಾಂಕಿನಲ್ಲಿ ಕೇಳಿ ನೋಡಿ. ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರೆ ಪಿಎಫ್ ಕಚೇರಿಯಿಂದ ಹೆಂಡತಿಗೆ ಪಿಂಚಣಿ ಇದೆ, ಕಡಿಮೆ ಅಂದರೂ ತಿಂಗಳಿಗೆ 1000. ಜೊತೆಗೆ ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ. ಕೆಲಸಕ್ಕೆ ಸೇರಿ ಒಂದು ತಿಂಗಳ ಪಿಎಫ್ ಕಟ್ಟಿದ್ದರೂ ಸಾಕು. ನಮ್ಮ ಬೀದಿಯಲ್ಲೇ ಒಬ್ಬಾಕೆ ಗಂಡನ ಪಿಎಫ್ ದುಡ್ಡು ಒಟ್ಟಿಗೆ ತಗೊಂಡು, ಪಿಂಚಣಿ ಇದೆ ಅಂತ ಗೊತ್ತಿಲ್ಲದೆ ಏಳು ವರ್ಷ ಕಳೆದಿದ್ದಳು.

ಗಂಡ ಬದುಕಿದ್ದೂ ಖರ್ಚಿಗೆ ಕೊಡದಿದ್ದರೆ ಜೀವನಾಂಶ ಕೇಳಿ. ವಕೀಲರಿಗೆ ಎಲ್ಲಿಂದ ಕೊಡಲಿ ಅನ್ನಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಕೋರ್ಟ್ ಆವರಣದಲ್ಲೇ ಅವರ ಕಚೇರಿ ಇರುತ್ತದೆ, ಫೋನ್ 15100.

ಸಾಲದ ವಿಷಯಕ್ಕೆ ಬರುತ್ತೇನೆ. ದುಡ್ಡು ನಿಂತ ತಿಂಗಳೇ ಸಂಘದ ಸಾಲದವರು, ಅಂದರೆ ಮೈಕ್ರೋಫೈನಾನ್ಸ್ ಕಂಪನಿಯವರು, ಬಾಗಿಲಿಗೆ ಬರುತ್ತಾರೆ, ಹೇಗೆ ವಾಸನೆ ಹಿಡಿಯುತ್ತಾರೋ. ಅಕ್ಕಿಗೆ, ಬಾಡಿಗೆಗೆ ವಾರದ ಕಂತಿನ ಸಾಲ ಮಾಡಬೇಡಿ. ತಿಂದು ಮುಗಿಯುವುದಕ್ಕೆ ಮಾಡಿದ ಸಾಲ ತಿಂದ ಮೇಲೂ ಉಳಿಯುತ್ತದೆ. ಬೇಕೇ ಬೇಕು ಅಂದರೆ ನಿಮ್ಮದೇ ಸ್ತ್ರೀಶಕ್ತಿ ಸಂಘದ ಉಳಿತಾಯದಿಂದ ತಗೊಳ್ಳಿ. ಇಲ್ಲವೇ ಓಲೆಯನ್ನು ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ ಅಡ ಇಡಿ, ಮಾರಬೇಡಿ. ಈಗಾಗಲೇ ಸಾಲ ಇದ್ದು ಕಂತು ತಪ್ಪಿದರೆ ಹೆದರಬೇಡಿ. ಬೆಳಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ವಸೂಲಿಗೆ ಬರಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಮನೆ ಮುಂದೆ ಕೂತು ಬೈದು ಮಾನ ಕಳೆದರೆ 112ಕ್ಕೆ ಫೋನ್ ಮಾಡಿ. 2025ರಲ್ಲಿ ಇದಕ್ಕೆಂದೇ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ. ಮನೆ ಓನರ್ ಹತ್ತಿರ ಮಾತ್ರ ತಾರೀಖಿಗೆ ಮುಂಚೆಯೇ ಹೋಗಿ ಹೇಳಿ, ಕೈಯಲ್ಲಿ ಅರ್ಧ ದುಡ್ಡು ಹಿಡಿದುಕೊಂಡು. ಹೇಳದೆ ತಪ್ಪಿಸಿಕೊಂಡು ಓಡಾಡುವವರಿಗೂ ಅರ್ಧ ಕೊಟ್ಟು ಹೇಳುವವರಿಗೂ ಓನರ್ ಮಾತಾಡುವ ರೀತಿಯೇ ಬೇರೆ. ಇದು ನನ್ನ ಅನುಭವ.

ಅಡಿಗೆಮನೆಯಲ್ಲಿ ಉಳಿಸುವುದು ಅಂದರೆ ಮಕ್ಕಳ ತಟ್ಟೆ ಖಾಲಿ ಮಾಡುವುದಲ್ಲ. ನಮ್ಮ ತುಮಕೂರಿನ ಕಡೆ ಬಸ್ಸಾರು ಅಂತ ಒಂದು ಉಪಾಯ ಇದೆ, ಕಷ್ಟ ಕಂಡವರೇ ಕಂಡುಹಿಡಿದಿರಬೇಕು. ರಾತ್ರಿ ಒಂದು ಲೋಟ ಹುರುಳಿಕಾಳು ನೆನೆಹಾಕಿ. ಬೆಳಗ್ಗೆ ಅದನ್ನು ಕುಕ್ಕರಿನಲ್ಲಿ ಕೂಗಿಸಿ. ಮುಚ್ಚಳ ತೆಗೆದು ಒಂದು ಕಟ್ಟು ದಂಟಿನ ಸೊಪ್ಪು ಹಾಕಿ ಹತ್ತು ನಿಮಿಷ ಬೇಯಿಸಿ, ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದುಕೊಳ್ಳಿ. ಆ ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಎರಡು ಅಡಿಗೆ, ಎರಡು ಹೊತ್ತು. ಸಾರು ಮಾರನೇ ದಿನ ಇನ್ನೂ ರುಚಿ. ಜೊತೆಗೆ ರಾಗಿ ಮುದ್ದೆ. ನುಗ್ಗೆಸೊಪ್ಪು ಯಾರ ಹಿತ್ತಲಲ್ಲಾದರೂ ಇರುತ್ತದೆ, ಕೇಳಿದರೆ ಬೇಡ ಅನ್ನುವವರಿಲ್ಲ. ಕಾಳು ನೆನೆಹಾಕದೆ ನೇರ ಒಲೆಗಿಡುವುದೇ ಗ್ಯಾಸ್ ಮುಗಿಯುವುದಕ್ಕೆ ಅರ್ಧ ಕಾರಣ. ಹಾಂ, ಶಾಂಪೂ ಒಂದು ಮಾತ್ರ ದೊಡ್ಡ ಬಾಟಲಿಗಿಂತ ಚಿಕ್ಕ ಪ್ಯಾಕೆಟ್ಟೇ ಅಗ್ಗ ಬೀಳುತ್ತದೆ, ಲೆಕ್ಕ ಹಾಕಿ ನೋಡಿ.

ಕರೆಂಟಿನ ವಿಷಯ ಚಿಕ್ಕದು. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಲ್ಲ. ನಿಮ್ಮ ಮನೆಗೆ ಎಷ್ಟು ಅಂತ ಬಿಲ್ಲಿನಲ್ಲೇ ಬರೆದಿರುತ್ತದೆ, ಅದರ ಮೇಲಿನದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ನೀರು ಕಾಯಿಸುವ 1500 ವಾಟಿನ ರಾಡು 40 ನಿಮಿಷಕ್ಕೆ ಒಂದು ಯೂನಿಟ್ ನುಂಗುತ್ತದೆ. ಮನೆ ಬದಲಾಯಿಸಿದರೆ ಹಳೇ ಮೀಟರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಹಾಕಿಸಿ.

ಮಕ್ಕಳನ್ನು ಸರ್ಕಾರಿ ಶಾಲೆಗೆ ಹಾಕಲು ಹಿಂದಿನ ಮನೆಯ ಆ ಹುಡುಗಿಗೆ ಮುಜುಗರ ಇತ್ತು. ಫೀಸು ಕಟ್ಟಲಾಗದೆ ಮಗುವನ್ನು ತರಗತಿಯಿಂದ ಹೊರಗೆ ನಿಲ್ಲಿಸಿದರೆ ಅದಕ್ಕಿಂತ ಮುಜುಗರ ಇದೆಯಾ? ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಇಬ್ಬರು ಮಕ್ಕಳ ಒಂದು ಹೊತ್ತಿನ ಊಟ ಅಂದರೆ ಕಡಿಮೆಯೇ? ಹತ್ತನೇ ತರಗತಿಯವರೆಗೂ ಬಿಸಿಯೂಟ ಇದೆ.

ಮಕ್ಕಳ ಹತ್ತಿರ ಮುಚ್ಚಿಡಬೇಡಿ, ಗೋಳೂ ಹೇಳಿಕೊಳ್ಳಬೇಡಿ. ನಾನು ಮೊದಲು ಈ ತಪ್ಪು ಮಾಡಿದೆ. ನನ್ನ ಮಗಳು ಏಳು ವರ್ಷದವಳು, ರಾತ್ರಿ ನಾನು ಅಳುವುದು ಕೇಳಿ ಮಾರನೇ ದಿನದಿಂದ ಎರಡನೇ ಸಲ ಅನ್ನ ಬೇಡ ಅನ್ನತೊಡಗಿದಳು. ಹೊಟ್ಟೆ ತುಂಬಿತು ಅನ್ನುತ್ತಿದ್ದಳು. ನನಗೆ ಗೊತ್ತಾಗಲು ಹತ್ತು ದಿನ ಬೇಕಾಯಿತು. ಆಮೇಲೆ ಕೂರಿಸಿಕೊಂಡು ಹೇಳಿದೆ: ಊಟಕ್ಕೆ ಇದೆ, ಬಳೆಗೆ ಇಲ್ಲ. ಅಷ್ಟೇ. ಮಕ್ಕಳಿಗೆ ಏನು ಇದೆ ಅನ್ನುವುದನ್ನು ಮೊದಲು ಹೇಳಬೇಕು, ಆಮೇಲೆ ಏನು ಇಲ್ಲ ಅನ್ನುವುದನ್ನು.

ದುಡಿಮೆ ಸ್ವಲ್ಪ ಹೆಚ್ಚಿಸಿಕೊಳ್ಳಲು ಅವಳು ಸೀರೆ ಕುಚ್ಚು ಕಟ್ಟುವುದನ್ನು ಕಲಿಯುತ್ತಿದ್ದಾಳೆ. ಮುಂಗಡ ದುಡ್ಡು ಕಟ್ಟಿ ಮನೆಯಲ್ಲೇ ಪ್ಯಾಕಿಂಗ್ ಕೆಲಸ ಅನ್ನುವ ಫೋನ್ ಬಂದಿತ್ತು, ಬೇಡ ಅಂದೆ. ಕೆಲಸ ಕೊಡುವವರು ದುಡ್ಡು ಕೊಡಬೇಕಾ, ಕೇಳಬೇಕಾ?

ಸೋಮವಾರ ಅವಳು ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುತ್ತಾಳೆ. ಬಸ್ಸಿಗೆ ಶಕ್ತಿ ಯೋಜನೆ ಇದೆ, ಟಿಕೆಟ್ಟಿಗೆ ದುಡ್ಡು ಬೇಡ. ಗಂಡನ ಮರಣ ಪತ್ರ, ಆದಾಯ ಪತ್ರ, ಶಾಲೆಯ ದೃಢೀಕರಣ, ಆಧಾರ್, ಪಾಸ್‌ಬುಕ್ ಎಲ್ಲದರ ಮೂರು ಮೂರು ಜೆರಾಕ್ಸ್ ಮಾಡಿಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಯಲ್ಲೇ ಗಂಟು ಹಾಕಿಸಿಕೊಂಡಿದ್ದಾಳೆ. ಚಿಕ್ಕವನನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಾಳಂತೆ. ಅವನಿಗೆ ಅವರೆಕಾಳು ಹಿದುಕಲು ಕಲಿಸಿದ್ದೇನೆ. ಬೇಳೆ ಬಟ್ಟಲಿಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಅವನದ್ದು ಬೇಳೆ ಗೋಡೆಗೆ ಹಾರುತ್ತದೆ.