ಕೆಂಟಕಿ ಡರ್ಬಿಯ ಹಳೆಯ ದಾಖಲೆ ಓದುವ ಬಗೆ

ಕೆಂಟಕಿ ಡರ್ಬಿ ಅಮೆರಿಕದಲ್ಲಿ ಪ್ರತಿವರ್ಷ ನಡೆಯುವ ಕುದುರೆ ಓಟ. ಅದರ ದಾಖಲೆ ಓದುವಾಗ ಮೊದಲು ಇಸವಿ ನೋಡಿ, ಸಮಯ ಆಮೇಲೆ. 1875ರಲ್ಲಿ ಅರಿಸ್ಟೈಡಿಸ್ ಎಂಬ ಕುದುರೆ ಗೆದ್ದಾಗ ಓಟ ಒಂದೂವರೆ ಮೈಲಿಯದು. 1896ರಿಂದ ಅದು ಒಂದೂಕಾಲು ಮೈಲಿ, ಅಂದರೆ ಸುಮಾರು 2,000 ಮೀಟರ್. ಹಾಗಾಗಿ 1895 ಮತ್ತು ಅದಕ್ಕೂ ಹಿಂದಿನ ಸಮಯಗಳನ್ನು ಬೇರೆ ಪಟ್ಟಿಯಲ್ಲೇ ಇಡಿ. ಕೂಡಿಸಿದರೆ ಹಳೆಯ ಕುದುರೆಗಳೆಲ್ಲ ಸುಮ್ಮನೆ ನಿಧಾನವಾಗಿ ಕಾಣುತ್ತವೆ.

ಹೆಚ್ಚಿನವರು ಎಡವುವುದು ಭಿನ್ನರಾಶಿಯಲ್ಲಿ. ಹಿಂದೆ ಸಮಯವನ್ನು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಬರೆಯುತ್ತಿದ್ದರು. 1973ರ ಸೆಕ್ರೆಟೇರಿಯಟ್‌ನ ದಾಖಲೆ 1 ನಿಮಿಷ 59 ಸೆಕೆಂಡು, ಮೇಲೆ 2/5. ಅದು 59.2 ಅಲ್ಲ, 59.4. ಭಿನ್ನರಾಶಿಯ ಮೇಲಿನ ಅಂಕಿಯನ್ನು 0.2ರಿಂದ ಗುಣಿಸಿದರೆ ಸಾಕು. 2001ರಲ್ಲಿ ಮೊನಾರ್ಕೋಸ್ ಓಡಿದ್ದು 1:59.97ರಲ್ಲಿ, ಇದು ನೇರ ದಶಮಾಂಶ, ಮುಟ್ಟಬೇಡಿ.

ಟ್ರ್ಯಾಕ್ ಒಣಗಿತ್ತೋ ಕೆಸರಾಗಿತ್ತೋ ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಕುದುರೆ ಹೊರಬೇಕಾದ ಭಾರ ಈಗ ಗಂಡುಕುದುರೆಗೆ 126 ಪೌಂಡ್, ಹೆಣ್ಣಿಗೆ 121.

ಕೊನೆಗೆ ವಿಜೇತರ ಹೆಸರು. ಮೊದಲು ಗುರಿ ಮುಟ್ಟಿದ್ದೇ ಗೆದ್ದಿತೆಂದು ನಂಬಬೇಡಿ: 1968, 2019, 2021ರಲ್ಲಿ ಮುಂದೆ ಬಂದ ಕುದುರೆ ಅನರ್ಹಗೊಂಡು ಗೆಲುವು ಎರಡನೆಯದಕ್ಕೆ ಹೋಯಿತು. ಮೇ ತಿಂಗಳ ಮೊದಲ ಶನಿವಾರವೆಂದು ದಿನಾಂಕ ಊಹಿಸುವುದೂ ಬೇಡ. 2020ರ ಓಟ ನಡೆದದ್ದು ಸೆಪ್ಟೆಂಬರ್ 5ರಂದು.