300 ಅಡಿ ಬಿಟ್ಟು ಸೆಪ್ಟಿಕ್ ಕೂರಿಸಿದ್ದು: ನನ್ನ ಅನುಭವ

"ಇಲ್ಲಿ ಲೀಚ್ ಫೀಲ್ಡ್‌ಗೆ ಜಾಗವೇ ಇಲ್ಲ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತೆ, ಬಿಡಿ." ಹೀಗೆ ಹೇಳಿದವರು ನ್ಯೂಯಾರ್ಕ್ ರಾಜ್ಯದ ಪುಟ್ನಂ ಕೌಂಟಿಯಲ್ಲಿ ನನ್ನ ಜೊತೆ ವರ್ಷಗಟ್ಟಲೆ ಸೈಟ್ ಕೆಲಸ ಮಾಡಿದ ಕನ್ನಡದ ಇಂಜಿನಿಯರ್. (ಲೀಚ್ ಫೀಲ್ಡ್ ಅಂದರೆ ಸೆಪ್ಟಿಕ್ ತೊಟ್ಟಿಯಿಂದ ಬರೋ ನೀರನ್ನು ಟ್ರೆಂಚ್ ತೋಡಿ ಮಣ್ಣಿಗೆ ಇಂಗಿಸೋ ಜಾಗ.) ಹೋದ ಅಕ್ಟೋಬರ್‌ನಲ್ಲಿ ಅದೇ ಜಾಗದಲ್ಲಿ ಟ್ರೆಂಚ್ ಮುಚ್ಚಿದ ದಿನ ಅವರನ್ನೇ ಕರೆಸಿ ತೋರಿಸಿದೆ. ಊರವರ ಸೆಪ್ಟಿಕ್ ಎಷ್ಟೋ ಡಿಸೈನ್ ಮಾಡಿದ್ದೇನೆ, ಇದು ಮಾತ್ರ ನಮ್ಮದೇ ಮನೆಗೆ.

ಜಾಗ 2.3 ಎಕರೆ. ರಸ್ತೆಯಾಚೆಗೆ ವೆಸ್ಟ್ ಬ್ರಾಂಚ್ ಜಲಾಶಯ. ಡೆಲವೇರ್ ಕಡೆಯ ನೀರೂ ಇಲ್ಲಿಗೆ ಬಂದು ಸೇರಿ, ಫಿಲ್ಟರ್ ಆಗದೆ ನ್ಯೂಯಾರ್ಕ್ ಸಿಟಿಗೆ ಹೋಗುತ್ತೆ. ಕ್ರಿಮಿ ಕೊಲ್ಲೋಕೆ ಕ್ಲೋರಿನ್, ಯುವಿ ಬೆಳಕು ಅಷ್ಟೇ. ಅದಕ್ಕೇ ಸಿಟಿಯ 1997ರ ನಿಯಮ ಇಷ್ಟು ಬಿಗಿ: ಲೀಚ್ ಫೀಲ್ಡ್ ಜಲಾಶಯದಿಂದ 300 ಅಡಿ, ಹಳ್ಳ ಅಥವಾ ಜೌಗಿನಿಂದ 100 ಅಡಿ ದೂರ ಇರಬೇಕು. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗಳು ಬ್ರೂಕ್ಲಿನ್‌ನಲ್ಲಿದ್ದಾಳೆ, ಅವಳು ಕುಡಿಯೋದೂ ಇದೇ ನೀರು.

ಈ ನಿಯಮಕ್ಕೆ ಬೇರೆಯವರು ಹೆದರಿದ್ದರಿಂದಲೇ ಜಾಗ ಸುಮಾರು 70 ಸಾವಿರ ಡಾಲರ್‌ಗೆ ಸಿಕ್ಕಿತು. ಒಂದು ಮೈಲಿ ಆಚೆ ಹೋಗಿದ್ದರೆ ಅದರ ಎರಡರಷ್ಟು.

ಮೊದಲ ಸಲ ಎಡವಿದ್ದು ಟೇಪ್‌ನಲ್ಲಿ. ಕೆಳಗಿನ ಸಮತಟ್ಟು ಜಾಗ ನೋಡಿ ಆಸೆಪಟ್ಟು, ನೀರಿನ ಅಂಚಿನಿಂದ ನಾನೇ ಟೇಪ್ ಎಳೆದೆ. 306 ಅಡಿ ಬಂತು. ಖುಷಿಯಲ್ಲಿ ಪ್ಲಾನ್ ಬರೆದೂ ಆಯ್ತು. ಸರ್ವೇಯರ್ ಬಂದು ಇಳಿಜಾರು ಬಿಟ್ಟು ಮಟ್ಟಸವಾಗಿ ಅಳೆದಾಗ 297. ದಡ ನಾಲ್ಕಕ್ಕೆ ಒಂದರ ಇಳಿಜಾರು, ಟೇಪ್ ನೆಲದ ಮೇಲೇ ಮಲಗಿತ್ತು. ಮೂರಡಿಯಲ್ಲಿ ತಪ್ಪಿ ಹೋಯ್ತು. ಅಲ್ಲೇ ಮಣ್ಣು ನೋಡೋಕೆ ಡೀಪ್ ಹೋಲ್ (ಆಳದ ಗುಂಡಿ) ತೋಡಿಸಿದ್ದೆ ಬೇರೆ, 28 ಇಂಚಿಗೇ ಬೂದು ಮಣ್ಣಿನಲ್ಲಿ ತುಕ್ಕು ಬಣ್ಣದ ಚುಕ್ಕೆಗಳು. ಬೇಸಿಗೆಯಲ್ಲಿ ಒಣಗಿದ್ದರೂ ಮಾರ್ಚ್‌ನಲ್ಲಿ ನೀರು ಅಲ್ಲಿವರೆಗೆ ಏರುತ್ತೆ ಅನ್ನೋದಕ್ಕೆ ಅದೇ ಗುರುತು. ಆ ನೀರಿನ ಮಟ್ಟದ ಮೇಲೆ ನಾಲ್ಕಡಿ ಒಳ್ಳೇ ಮಣ್ಣು ಬೇಕು ಅಲ್ವಾ? ಯಂತ್ರ, ಸರ್ವೇ ಸೇರಿ ಆರೇಳು ಸಾವಿರ ಹೋಯ್ತು.

"ಮಣ್ಣು ತುಂಬಿಸಿ ಎತ್ತರದ ಫೀಲ್ಡ್ ಮಾಡಿ" ಅಂದರು ಸುಮಾರು ಜನ. ಅವರು ಪೂರ್ತಿ ಓದಿರಲಿಲ್ಲ. ಎತ್ತರಿಸಿದ ಫೀಲ್ಡ್ ಆದರೆ 300 ಹೋಗಿ 500 ಆಗುತ್ತೆ, 100 ಹೋಗಿ 250. ನಮ್ಮ ಜಾಗ ಪೂರ್ತಿ ಮುಗಿದ ಹಾಗೇ.

ಉಳಿದದ್ದು ಮೇಲಿನ ದಿಬ್ಬ. ಅದರ ಪಕ್ಕದಲ್ಲೊಂದು ಕಾಲುವೆ ತರಹದ ತಗ್ಗು. ನಕ್ಷೆ ನೋಡಿದವರೆಲ್ಲ ಅದನ್ನು ಹಳ್ಳ ಅಂದರು. ಹಳ್ಳವೇ ಆದರೆ 100 ಅಡಿ ಬಿಡಬೇಕು, ದಿಬ್ಬವೂ ಇಲ್ಲ. ಆದರೆ ಮಳೆ ಬರುವಾಗ, ಬಂದ ತಕ್ಷಣ ಮಾತ್ರ ನೀರು ಇರುವ ತಗ್ಗನ್ನು ನಿಯಮ ಹಳ್ಳ ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಸುಮ್ನೆ ವಾದ ಮಾಡಲಿಲ್ಲ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ದೊಡ್ಡ ಮಳೆ ಆದ ಮಾರನೇ ದಿನ ಹೋದೆ. ಒಂದು ಗೂಟ, ಅದಕ್ಕೆ ಕಟ್ಟಿದ ಅಳತೆ ಪಟ್ಟಿ, ಅದೇ ಕೋನದಿಂದ ಫೋಟೋ. ಮೂವತ್ತಕ್ಕೂ ಜಾಸ್ತಿ ಫೋಟೋ ಆದವು. ಎಲ್ಲದರಲ್ಲೂ ತಳದಲ್ಲಿ ಹೋದ ವರ್ಷದ ಓಕ್ ಎಲೆ ಹಾಗೇ ಬಿದ್ದಿದೆ. ಹರಿಯೋ ಹಳ್ಳದಲ್ಲಿ ಎಲೆ ನಿಲ್ಲುತ್ತಾ? ಇನ್ನೊಂದು ಮೂಲೆಯ ತಗ್ಗಿನಲ್ಲಿ ಮಾತ್ರ ಜೂನ್‌ನಲ್ಲೂ ನೀರು ಕಂಡಿತು. ಅದನ್ನು ನಾನೇ ಹಳ್ಳ ಅಂತ ಬರೆದುಕೊಟ್ಟು 100 ಅಡಿ ಬಿಟ್ಟೆ. ಸಿಟಿಯವರು ಮೊದಲನೆಯದರ ಬಗ್ಗೆ ನನ್ನ ಮಾತು ನಂಬಿದ್ದು ಅದರಿಂದಲೇ ಅಂತ ನನ್ನ ನಂಬಿಕೆ.

ದಿಬ್ಬದಲ್ಲಿ ಎಲ್ಲಿ ತೋಡಬೇಕು ಅಂತ ಯಂತ್ರ ಬರೋ ಮೊದಲೇ ಗೊತ್ತು ಮಾಡಿಕೊಂಡಿದ್ದೆ. ಹೇಗೆ ಅನ್ನೋದು ನನ್ನ ಹೊಟ್ಟೆಪಾಡು, ಬರೆಯಲ್ಲ. ಎರಡೂ ಗುಂಡಿ ಏಳಡಿ ಹೋದವು, ಬಂಡೆ ಇಲ್ಲ, ಚುಕ್ಕೆ ಇಲ್ಲ.

ನೀರು ಮಣ್ಣಿಗೆ ಎಷ್ಟು ಬೇಗ ಇಂಗುತ್ತೆ ಅಂತ ನೋಡೋ ಪರ್ಕ್ ಟೆಸ್ಟ್‌ಗೆ ಮುಂಚೆ ಒಂದು ಪ್ರಯೋಗ ಮಾಡಿದೆ. ಮೂರಡಿ ಅಂತರದಲ್ಲಿ ಎರಡು ಗುಂಡಿ. ಒಂದನ್ನು ಸಲಿಕೆಯಲ್ಲಿ ತೋಡಿ ಹಾಗೇ ಬಿಟ್ಟೆ, ಇನ್ನೊಂದರ ಗೋಡೆಯನ್ನು ಮೊಳೆ ಹೊಡೆದ ಹಲಗೆಯಿಂದ ಕೆರೆದೆ. ರಾತ್ರಿ ನೆನೆಸಿ ಬೆಳಗ್ಗೆ ಅಳೆದರೆ ಒಂದು ಇಂಚು ಇಳಿಯಲು ಮೊದಲನೆಯದಕ್ಕೆ ನಲವತ್ತು ನಿಮಿಷದ ಹತ್ತಿರ, ಎರಡನೆಯದಕ್ಕೆ 24. ಮಣ್ಣು ಒಂದೇ! ಸಲಿಕೆ ಗೋಡೆಗೆ ಮಣ್ಣು ಮೆತ್ತಿ ರಂಧ್ರ ಮುಚ್ಚಿಬಿಡುತ್ತೆ. ನಲವತ್ತು ಬಂದಿದ್ದರೆ ಮೂರು ಬೆಡ್‌ರೂಮಿಗೆ 330 ಅಡಿ ಟ್ರೆಂಚ್ ಬೇಕಿತ್ತು, 24ಕ್ಕೆ 275 ಸಾಕು. ಅಧಿಕಾರಿಗಳ ಮುಂದೆ ಮಾಡಿದಾಗ 23, 26 ಬಂತು.

275 ಅಂದರೆ 55 ಅಡಿಯ ಐದು ಸಾಲು. ಮುಂದೆ ಇದು ಕೆಟ್ಟರೆ ಅಂತ ಅಷ್ಟೇ ಜಾಗ ಮೀಸಲೂ ಬಿಡಬೇಕು. ನಾಲ್ಕು ಬೆಡ್‌ರೂಮ್ ಬೇಕೆಂದಿದ್ದರೆ ಮೀಸಲು ಜಾಗ ಕೂರುತ್ತಿರಲಿಲ್ಲ. ಮನೆಯವಳು "ಅತ್ತೆ ಮಾವ ಬಂದ್ರೆ ಎಲ್ಲಿ ಮಲಗ್ತಾರೆ ರೀ?" ಅಂದಳು. ಆ ಮಾತು ಈಗಲೂ ಚುಚ್ಚುತ್ತೆ. ನಮ್ಮ ಬಾವಿಯನ್ನು ಫೀಲ್ಡ್‌ಗಿಂತ ಮೇಲೆ, 100 ಅಡಿ ಆಚೆ ಇಟ್ಟೆವು. ಪಕ್ಕದ ಮನೆಯವರದ್ದು ಕೆಳಗೆ, ನೀರು ಇಳಿದು ಹೋಗೋ ದಾರಿಯಲ್ಲೇ. ಅದಕ್ಕೆ 200 ಬೇಕು, ಸುಮಾರು 215 ಸಿಕ್ಕಿತು.

ಮನೆ ಕೆಳಗೆ, ಫೀಲ್ಡ್ ಮೇಲೆ. ಹಾಗಾಗಿ ಪಂಪ್ ಬೇಕಾಯ್ತು. ಪಂಪ್, ಅದರ ತೊಟ್ಟಿ, ಅಲಾರಂ ಸೇರಿ ಎಂಟು ಸಾವಿರದಷ್ಟು. ಎಲ್ಲಾ ಕೂಡಿ ಸೆಪ್ಟಿಕ್‌ಗೆ 48 ಸಾವಿರ ಮುಟ್ಟಿತು. ಜಾಗದ ಬೆಲೆಯಲ್ಲಿ ಉಳಿದದ್ದಕ್ಕೆ ಹೋಲಿಸಿದರೆ ಲಾಭವೇ. ಕರೆಂಟ್ ಹೋದರೆ ಒಂದು ದಿನದ ನೀರು ತೊಟ್ಟಿಯಲ್ಲೇ ನಿಲ್ಲುತ್ತೆ. ಜನವರಿಯ ಹಿಮಪಾತದಲ್ಲಿ ಹತ್ತೊಂಬತ್ತು ಗಂಟೆ ಕರೆಂಟ್ ಇರಲಿಲ್ಲ, ಅಲಾರಂವರೆಗೂ ನೀರು ಬರಲಿಲ್ಲ.

ಆ ಓಕ್ ಎಲೆಯ ತಗ್ಗಿನ ಗೂಟ ಇನ್ನೂ ಕಿತ್ತಿಲ್ಲ. ಮಳೆ ಬಂದ ಮಾರನೇ ದಿನ ಈಗಲೂ ಒಂದು ಸಲ ಹೋಗಿ ನೋಡಿ ಬರುತ್ತೇನೆ.