ಹಳೇ ವ್ಹೀಲ್, ಹೊಸ ಬ್ರೇಕು: ಇಪ್ಪತ್ತು ಸಾವಿರದೊಳಗಿನ ನನ್ನ ಅನುಭವ

ಕಂಪ್ಯೂಟರಿನ ಕಾರ್ ರೇಸ್ ಆಟಕ್ಕೆ ನಾನು ಹಳೇ ಗೇರ್ ವ್ಹೀಲ್ (ಮೋಟಾರಿನ ಬಲ ಗೇರಿನ ಮೂಲಕ ಕೈಗೆ ಬರುವ ಸ್ಟೀರಿಂಗ್) ಕೊಂಡು, ಅದರ ಬ್ರೇಕ್ ಪೆಡಲಿಗೆ ಒತ್ತಡ ಅಳೆಯುವ ಲೋಡ್ ಸೆಲ್ ಹಾಕಿದೆ. ಡೈರೆಕ್ಟ್ ಡ್ರೈವ್‌ಗೆ (ಸ್ಟೀರಿಂಗ್ ನೇರವಾಗಿ ಮೋಟಾರಿಗೇ ಕೂತಿರುವ ದುಬಾರಿ ವ್ಹೀಲ್) ದುಡ್ಡು ಸೇರೋವರೆಗೆ ಸುಮ್ಮನಿರು, ಗೇರ್ ವ್ಹೀಲಿಗೆ ಹಾಕಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಜೊತೆಗೆ ರೇಸ್ ಮಾಡೋರೆಲ್ಲ ಹೇಳಿದ್ದರು. ಅಂಥ ವ್ಹೀಲುಗಳಲ್ಲಿ ಮೋಜಾ ಆರ್5 ಅಂದರೆ 5.5 ನ್ಯೂಟನ್ ಮೀಟರ್ ತಿರುಗುಬಲ, ಫ್ಯಾನಟೆಕ್ ಸಿಎಸ್‌ಎಲ್ ಡಿಡಿ 5, ನನ್ನದು ಎರಡರ ಆಸುಪಾಸು. ತೋಳಿಗೆ ಆ ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತೆ. ಆದರೆ ನನ್ನ ಲ್ಯಾಪ್ ಹಾಳಾಗುತ್ತಿದ್ದದ್ದು ಬ್ರೇಕಿನಲ್ಲಿ. ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಜಿಟಿ3 ರೇಸ್ ಕಾರಿನಲ್ಲಿ ಹತ್ತು ಲ್ಯಾಪ್ ಹಾಕಿದರೆ ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಎರಡು ಸೆಕೆಂಡ್ ಅಂತರ ಇರುತ್ತಿತ್ತು. ಈಗ ಆರೇಳು ದಶಾಂಶ. ಅಲ್ಲಿನ ಲಾ ಸೋರ್ಸ್, ಬಸ್ ಸ್ಟಾಪ್ ತಿರುವುಗಳಲ್ಲಿ ಚಕ್ರ ಲಾಕ್ ಆಗೋದು ನಿಂತಿದೆ. ಡೈರೆಕ್ಟ್ ಡ್ರೈವ್ ಇಟ್ಟುಕೊಂಡವರಲ್ಲಿ ಇಬ್ಬರು ಈಗ ನನ್ನ ಹಿಂದಿದ್ದಾರೆ.

ಸೆಕೆಂಡ್ ಹ್ಯಾಂಡ್ 900 ಡಿಗ್ರಿ (ಎರಡೂವರೆ ಸುತ್ತು ತಿರುಗುವ) ವ್ಹೀಲ್ ನೋಡೋಕೆ ಹೋಗುವಾಗ ಲ್ಯಾಪ್‌ಟಾಪ್ ನಿಮ್ಮದೇ ಇರಲಿ. ಪವರ್ ಅಡಾಪ್ಟರ್ ಇಲ್ಲದೆ ಬರೀ ಯುಎಸ್‌ಬಿಯಲ್ಲಿ ತೋರಿಸಿದರೆ ಎದ್ದು ಬನ್ನಿ. ಹಾಗೆ ನಂಬಿ ತಂದ ಮೊದಲನೇದರಲ್ಲಿ ಮೋಟಾರೇ ಸತ್ತಿತ್ತು, ನಾಲ್ಕು ಸಾವಿರ ಹೋಯಿತು. ಪವರ್ ಕೊಟ್ಟ ತಕ್ಷಣ ವ್ಹೀಲ್ ಎರಡೂ ಕಡೆ ತಾನೇ ತಿರುಗಿ ನಡುವೆ ನಿಲ್ಲಬೇಕು. ಆಮೇಲೆ ಜೋರಾಗಿ ಎಡಕ್ಕೂ ಬಲಕ್ಕೂ ಹತ್ತು ಸಲ ಬೀಸಿ ಬಿಡಿ. ವಿಂಡೋಸ್ ಕ್ಯಾಲಿಬ್ರೇಶನ್ ಪರದೆಯಲ್ಲಿ ನಡುಬಿಂದು ಜರುಗಿದ್ದರೆ ತಿರುವು ಅಳೆಯುವ ಎನ್‌ಕೋಡರ್ ಡಿಸ್ಕ್ ಸೀಳಿದೆ ಅಂತ ಲೆಕ್ಕ, ಬೇಡ. ಗೇರಿನ ಗಲಗಲ ಸದ್ದು ಪರವಾಗಿಲ್ಲ. ಪೆಡಲ್ ಮೆಲ್ಲಗೆ ಒತ್ತಿದಾಗ ಗೆರೆ ಜಿಗಿದರೆ ಪಾಟ್ (ಪೆಡಲ್ ಎಷ್ಟು ಒತ್ತಿದೆ ಅಂತ ಅಳೆಯುವ ಪೊಟೆನ್ಷಿಯೋಮೀಟರ್) ಕೊಳೆಯಾಗಿದೆ. ಅದು ನಮಗೆ ಲಾಭ! ಬ್ರೇಕಿನ ಪಾಟ್ ಹೇಗೂ ಕಿತ್ತೆಸೆಯೋದೇ, ಅದನ್ನೇ ತೋರಿಸಿ ಎರಡು ಸಾವಿರ ಇಳಿಸಬಹುದು. ನಾನು ಒಂಬತ್ತಕ್ಕೆ ಮುಗಿಸಿದೆ.

ಬ್ರೇಕಿಗೆ ಮೊದಲು ಚೌಕಟ್ಟು ಬೇಕು. ಲೋಡ್ ಸೆಲ್ ಹಾಕಿ ಮೂವತ್ತು ಕಿಲೋ ಒತ್ತಿದರೆ ಗಾಲಿ ಕುರ್ಚಿ ಗೋಡೆಗೆ ಹೋಗಿ ಬಡಿಯುತ್ತೆ. ಹಗ್ಗ ಕಟ್ಟಿ ನೋಡಿದೆ, ಕುರ್ಚಿಯ ಬೆನ್ನು ಬಾಗುತ್ತೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಿಂದೆ ಮುಂದೆ ಸರಿಸುವ ರೈಲ್ ಸಮೇತ ಸಣ್ಣ ಕಾರಿನ ಸೀಟು 1,800ಕ್ಕೆ ಸಿಕ್ಕಿತು. ರೈಲ್ ಇಲ್ಲದ ಸೀಟು ತರಬೇಡಿ. ತಳಕ್ಕೆ 18 ಮಿಲಿಮೀಟರ್ ಪ್ಲೈವುಡ್. ಪೆಡಲ್ ಕೂರುವ ಜಾಗದಲ್ಲಿ ಮಾತ್ರ ಎರಡು ಪದರ ಅಂಟಿಸಿ, ಹಿಂದೆ ಒಂದು ಕಬ್ಬಿಣದ ಆಂಗಲ್. ಪ್ಲೈ ಎರಡು ಮಿಲಿಮೀಟರ್ ಬಾಗಿದರೂ ಕಾಲಿಗೆ ಸುಳ್ಳು ಸುದ್ದಿ ಬರುತ್ತೆ. ಮರದ ಸ್ಕ್ರೂ ವಾರದಲ್ಲಿ ಸಡಿಲ ಆಗುತ್ತೆ, ಎಂ6 ಬೋಲ್ಟು, ದೊಡ್ಡ ವಾಶರ್ರೇ ಸರಿ. ಸೀಟು ಬಿಟ್ಟು ಇದೆಲ್ಲ ಎರಡೂವರೆ ಸಾವಿರ.

ಈಗ ಲೋಡ್ ಸೆಲ್. ತೂಕದ ಮಷೀನಿನಿಂದ ಕಿತ್ತ ಮೂರು ತಂತಿಯ ಸೆಲ್ಲು ಮೊದಲು ಹಾಕಿದ್ದೆ. ಅದು ಅರ್ಧ ಬ್ರಿಡ್ಜ್ (ಅಳೆಯುವ ಸರ್ಕ್ಯೂಟಿನ ಅರ್ಧ) ಮಾತ್ರ, ಉಳಿದರ್ಧಕ್ಕೆ ರೆಸಿಸ್ಟರ್ ಹಾಕಿದರೆ ಬಿಸಿಲೇರಿದ ಹಾಗೆ ಸೊನ್ನೆ ಓಡಾಡುತ್ತೆ. ಬಿಟ್ಟೆ. ಆಮೇಲೆ 20 ಕಿಲೋದ ನಾಲ್ಕು ತಂತಿಯ ಕಂಬಿ ಮಾದರಿ ಹಾಕಿದೆ, ಎರಡನೇ ದಿನಕ್ಕೇ ಬಾಗಿತು. ತಪ್ಪು ನನ್ನದೇ: ಪೆಡಲ್ ಕೀಲಿನಿಂದ ಪಾದಕ್ಕೆ 18 ಸೆಂಟಿಮೀಟರ್, ಸೆಲ್ಲಿಗೆ 6. ಪಾದದ ಮೂವತ್ತು ಕಿಲೋ ಅಲ್ಲಿ ತೊಂಬತ್ತಾಗುತ್ತೆ. 100 ಕಿಲೋದ್ದು ತಂದ ಮೇಲೆ ಸರಿಹೋಯಿತು. ಕಂಬಿಯ ಒಂದು ತುದಿ ಬಿಗಿ, ಇನ್ನೊಂದು ತುದಿ ಗಾಳಿಯಲ್ಲಿರಬೇಕು. ಬುಡಕ್ಕೆ ವಾಶರ್ ಕೊಟ್ಟು ಕೆಳಗೆ ಮೂರು ಮಿಲಿಮೀಟರ್ ಸಂದು ಬಿಡದಿದ್ದರೆ ಅರ್ಧ ಒತ್ತುವಷ್ಟರಲ್ಲಿ ಕಂಬಿ ಪ್ಲೈಗೆ ತಾಗಿ ಓದು ಅಲ್ಲೇ ನಿಲ್ಲುತ್ತೆ. ಸೆಲ್ಲೇ ಕೆಟ್ಟಿದೆ ಅಂತ ವಾಪಸ್ ಕೊಡೋರಲ್ಲಿ ಸುಮಾರು ಜನರ ಕಥೆ ಇದೇ ಇರಬೇಕು. ಒತ್ತಿದಾಗ ಸಂಖ್ಯೆ ಇಳಿದರೆ ಹಸಿರು, ಬಿಳಿ ತಂತಿ ಅದಲುಬದಲು ಮಾಡಿ.

ಸೆಲ್ಲಿನ ಒತ್ತಡವನ್ನು ಅಂಕಿಯಾಗಿಸೋಕೆ ಎಸ್‌ಪಿ ರೋಡಿನಲ್ಲಿ ಸಿಗುವ ಎಚ್‌ಎಕ್ಸ್711 ಹಸಿರು ಬೋರ್ಡು ನೂರು ರೂಪಾಯಿ ಒಳಗೇ. ಆದರೆ ಅದು ಬಂದ ಹಾಗೇ ಸೆಕೆಂಡಿಗೆ ಹತ್ತೇ ಸಲ ಓದುತ್ತೆ. 180 ಕಿಲೋಮೀಟರ್ ವೇಗದಲ್ಲಿ ಒಂದು ಓದಿನಿಂದ ಇನ್ನೊಂದಕ್ಕೆ ಕಾರು ಐದು ಮೀಟರ್ ಹೋಗಿರುತ್ತೆ. ಲೋಡ್ ಸೆಲ್ ಹಾಕಿದೆ, ಬ್ರೇಕು ತಡ ಅನ್ನೋರೆಲ್ಲ ಇಲ್ಲಿ ಸಿಕ್ಕಿಬಿದ್ದವರು. ಚಿಪ್ಪಿನ 15ನೇ ಕಾಲು ಗ್ರೌಂಡಿಗೆ ಅಂಟಿರುತ್ತೆ. ಅದನ್ನು ಎತ್ತಿ ಪಕ್ಕದ 16ಕ್ಕೆ ಬೆಸುಗೆ ಹಾಕಿದರೆ ಸೆಕೆಂಡಿಗೆ 80. ಕಾಲು ಕೂದಲಿನಷ್ಟು ತೆಳ್ಳಗೆ, ನಾನು ಎರಡು ಬೋರ್ಡು ಮುರಿದೆ. ಬೆಸುಗೆ ಕರಗಿರುವಾಗಲೇ ಗುಂಡುಸೂಜಿಯಿಂದ ಎತ್ತಬೇಕು, ಆರಿದ ಮೇಲೆ ಕೈ ಹಾಕಬೇಡಿ. ಓದನ್ನು ಕಂಪ್ಯೂಟರಿಗೆ ಕಳಿಸುವ ಕಂಟ್ರೋಲರ್ ಬೋರ್ಡಿನ ಕೋಡಿನಲ್ಲೂ ಓದು ಸಿದ್ಧವಾಗಿದೆಯಾ ಅಂತ ಕೇಳಿ ಮುಂದೆ ಹೋಗಬೇಕು. ಕಾಯುತ್ತಾ ನಿಂತರೆ ಅದೇ ಬೋರ್ಡಿನ ಆಕ್ಸಿಲರೇಟರೂ ನಿಧಾನ ಆಗುತ್ತೆ.

ಆ ಕಂಟ್ರೋಲರ್ ಬೋರ್ಡು ಪ್ರೊ ಮೈಕ್ರೊ ಇರಲಿ, ಕಂಪ್ಯೂಟರಿಗೆ ನೇರವಾಗಿ ಜಾಯ್‌ಸ್ಟಿಕ್ ಆಗಿ ಕಾಣುತ್ತೆ. ಆರ್ಡುಯಿನೊ ಊನೊ ತಂದು ಒದ್ದಾಡಬೇಡಿ. ಎಲ್ಲ ಸೇರಿ ಎಲೆಕ್ಟ್ರಾನಿಕ್ಸಿಗೆ 2,200 ಆಗಿರಬಹುದು. ಮುರಿದದ್ದು, ಬಾಗಿದ್ದು, ಆ ಸತ್ತ ಮೋಟಾರು ಎಲ್ಲ ಸೇರಿಸಿದರೆ ದಂಡ ಐದು ಸಾವಿರದ ಹತ್ತಿರ. ದಂಡ ಬಿಟ್ಟರೆ ಹದಿನೈದೂವರೆ.

ಲೋಡ್ ಸೆಲ್ ತಾನಾಗಿ ಅಲುಗಾಡಲ್ಲ, ಹಾಗಾಗಿ ನಡುವೆ ರಬ್ಬರ್ ಬೇಕೇ ಬೇಕು. ಹವಾಯಿ ಚಪ್ಪಲಿ ಕತ್ತರಿಸಿ ಹಾಕಿದ್ದು ಮೂರು ದಿನಕ್ಕೆ ಚಪ್ಪಟೆ. ಸ್ಕ್ವಾಶ್ ಚೆಂಡು ಪುಟಿಯುತ್ತೆ, ಬ್ರೇಕ್ ಬಿಡುವಾಗ ಪೆಡಲ್ ಕಾಲಿಗೆ ಒದೆಯುತ್ತೆ. ಕೊನೆಗೆ ಜೆಸಿ ರೋಡಿನಲ್ಲಿ ಒಂದು ಗಾಡಿಯ ಸಸ್ಪೆನ್ಷನ್ ಬುಷ್ ಸಿಕ್ಕಿತು: ಮೆದು ಒಂದು, ಗಟ್ಟಿ ಎರಡು. ಯಾವ ಗಾಡಿಯದು, ಯಾವ ಕ್ರಮದಲ್ಲಿ ಅನ್ನೋದನ್ನ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇಪ್ಪತ್ತು ಮೂವತ್ತು ರೂಪಾಯಿಯ ಮಾಲು, ನೀವೂ ನಾಲ್ಕು ಥರದ್ದು ತಂದು ಒತ್ತಿ ನೋಡಿ.

ಇದರ ಮಧ್ಯೆ ಆಕ್ಸಿಲರೇಟರಿನ ಪಾಟ್ ತೆಗೆದು 49ಇ ಹಾಲ್ ಸೆನ್ಸರ್ (ಮ್ಯಾಗ್ನೆಟ್ಟಿನ ಬಲ ಅಳೆಯುವಂಥದ್ದು) ಹಾಕುವ ಹುಚ್ಚೂ ಹತ್ತಿತ್ತು. ಮ್ಯಾಗ್ನೆಟ್ ಎದುರಿನಿಂದ ಹತ್ತಿರ ಬರುವಂತೆ ಇಟ್ಟರೆ ಮೊದಲರ್ಧ ಏನೂ ಆಗಲ್ಲ, ಕೊನೆಯ ಐದು ಮಿಲಿಮೀಟರಿನಲ್ಲಿ ಪೂರ್ತಿ ಥ್ರಾಟಲ್. ಸೆನ್ಸರಿನ ಮುಂದೆ ಅಡ್ಡ ಹಾಯುವಂತೆ ಕೂರಿಸಿದ ಮೇಲೆ ನೇರ ಗೆರೆ ಬಂತು. ಲ್ಯಾಪ್ ಟೈಮಿಗೆ ಏನೂ ಆಗಲಿಲ್ಲ, ಪಾಟ್ ಒರೆಸುವ ಕೆಲಸ ತಪ್ಪಿತು ಅಷ್ಟೆ.

ಸೆಟ್ಟಿಂಗಿನಲ್ಲಿ ಜನ ಎಡವೋದು ಗೇನ್ (ವ್ಹೀಲಿನ ಬಲದ ಮಟ್ಟ) ನೂರಕ್ಕೆ ಇಟ್ಟು. ಸಣ್ಣ ಮೋಟಾರು ಕ್ಲಿಪ್ ಆದರೆ (ತನ್ನ ಮಿತಿ ಮುಟ್ಟಿ ನಿಂತರೆ) ತಿರುವಿನ ನಡುವೆ ಟೈರು ಜಾರಿದ್ದೇ ಕೈಗೆ ಬರಲ್ಲ. ಅಸೆಟ್ಟೊ ಕೊರ್ಸಾ ಆಟದಲ್ಲಿ ಫೋರ್ಸಿನ ಪಟ್ಟಿ ಕೆಂಪಗಾಗದ ಹಾಗೆ ಇಳಿಸುತ್ತಾ ಬನ್ನಿ, ನನ್ನದು 70ರ ಹತ್ತಿರ ನಿಂತಿತು. ಗೇರಿನ ಸಡಿಲಕ್ಕೆ ಮಿನಿಮಮ್ ಫೋರ್ಸ್ ಸ್ವಲ್ಪ ಬೇಕು, ಜಾಸ್ತಿಯಾದರೆ ನೇರ ರಸ್ತೆಯಲ್ಲಿ ವ್ಹೀಲ್ ತಾನೇ ನಡುಗುತ್ತೆ. ಲೋಡ್ ಸೆಲ್ಲಿಗೆ ಬ್ರೇಕ್ ಗ್ಯಾಮಾ 1, ಅಂದರೆ ಒತ್ತಿದಷ್ಟೇ ಬ್ರೇಕು. ಪೂರ್ತಿ ಬ್ರೇಕ್ ಅನ್ನೋದನ್ನ ಕಾಲಿನ ಪೂರ್ತಿ ಬಲಕ್ಕೆ ಹೊಂದಿಸಬೇಡಿ, ಅದರ ಮುಕ್ಕಾಲಿಗೆ ಸಾಕು, ಇಲ್ಲದಿದ್ದರೆ ಇಪ್ಪತ್ತನೇ ಲ್ಯಾಪಿಗೆ ಮೀನಖಂಡ ಹಿಡಿದುಕೊಳ್ಳುತ್ತೆ.

ನನ್ನ ಕೋಡು ಯುಎಸ್‌ಬಿ ಚುಚ್ಚಿದಾಗ ಬಂದ ಓದನ್ನೇ ಸೊನ್ನೆ ಅಂತ ಹಿಡಿಯುತ್ತೆ. ಆಗ ಪೆಡಲ್ ಮೇಲೆ ಕಾಲಿರಬಾರದು. ಇದ್ದರೆ ರೇಸ್ ಪೂರ್ತಿ ಬ್ರೇಕು ಮೆತ್ತಗೇ, ಮಧ್ಯದಲ್ಲಿ ಸರಿಮಾಡೋಕೂ ಆಗಲ್ಲ. ಅದಕ್ಕೊಂದು ಬಟನ್ ಹಾಕಬೇಕು, ತಂತಿ ಎಳೆದಿದ್ದೇನೆ, ಬೆಸುಗೆ ಬಾಕಿ.